ಹೆಬ್ಬೆರಳ ತಗ್ಗು

"ಮೇಲೆ ಮೇಲೆ ಉಜ್ಜಿ ನುಣುಪು ಮಾಡ್ಕೊಡಿ ಸಾಕು ಮಾವ. ಕೆಳಗಿಂದ ಎಲ್ಲ ಕೆದಕೋದು ಬೇಡ," ಎಂದು ಅಳಿಯ ಮೂರನೆಯ ಸಲ ಹೇಳಿದಾಗ ಮೇಸ್ತ್ರಿಯ ಕಿವಿ ನೆಟ್ಟಗಾಯಿತು.

ಬಿಳಿ ಕಾರಿನ ಮುಂದಿನ ಎಡ ಮಡ್ಗಾರ್ಡ್. ನೇರ ನೋಡಿದರೆ ಏನೂ ಇಲ್ಲ. ಬೆಳಕಿಗೆ ಓರೆಯಾಗಿ ನೋಡಿದರೆ ಅಂಗೈಯಗಲ ಜಾಗದಲ್ಲಿ ಬಣ್ಣ ಅಲೆ ಅಲೆಯಾಗಿತ್ತು. ತಗ್ಗಿಗೆ ಪುಟ್ಟಿ ತುಂಬಿ ಯಾರೋ ಅವಸರದಲ್ಲಿ ಬಣ್ಣ ಹೊಡೆದಿದ್ದರು. ಮೂರು ತಿಂಗಳ ಹಿಂದೆ ಗೇಟಿನ ಕಂಬಕ್ಕೆ ತಾಗಿತ್ತು, ಯಾವನೋ ರಸ್ತೆ ಬದಿಯವನ ಕೈಲಿ ಮಾಡಿಸಿದೆ, ನಾಳೆ ಕಾರು ಕೊಳ್ಳುವವರು ನೋಡಲು ಬರುತ್ತಾರೆ ಎಂದ ಅಳಿಯ. ಕಾರಿಗೆ ಬಣ್ಣ ಹೊಡೆಯುವ ಮಾವನದೇ ಶೆಡ್ಡಿರುವಾಗ ರಸ್ತೆ ಬದಿಯವನೇಕೆ ಎಂದು ಮೇಸ್ತ್ರಿ ಕೇಳಲಿಲ್ಲ. ಕೇಳಿದರೆ ನಯವಾದ ಉತ್ತರವೊಂದು ತಯಾರಿರುತ್ತದೆಂದು ಗೊತ್ತಿತ್ತು. ಅಳಿಯ ಮಾತಿನಲ್ಲಿ ಎಂದೂ ಉಬ್ಬುತಗ್ಗು ಬಿಟ್ಟವನಲ್ಲ.

ಇನ್ನೂ ಒಂದು ಸೋಜಿಗ. ಮದುವೆಯಾದ ನಾಲ್ಕು ವರ್ಷದಲ್ಲಿ ಅವನು ಈ ಶೆಡ್ಡಿನ ಒಳಗೆ ಕಾಲಿಟ್ಟದ್ದು ಎರಡೇ ಸಲ, ಅದೂ ಮೂಗಿಗೆ ಕರವಸ್ತ್ರ ಹಿಡಿದು. ಇಂದು ಇಸ್ತ್ರಿ ಮಾಡಿದ ಅಂಗಿಯ ಮೇಲೆ ಹುಡಿ ಬೀಳುತ್ತಿದ್ದರೂ ಹಳೇ ಟೈರಿನ ಮೇಲೆ ಕೂತು ಮೇಸ್ತ್ರಿಯ ಕೈಯನ್ನೇ ನೋಡುತ್ತಿದ್ದ. ಮನೆಗೆ ಹೋಗಿ ಅತ್ತೆಯನ್ನು ಮಾತಾಡಿಸಿಕೊಂಡು ಬನ್ನಿ ಎಂದರೂ ಏಳಲಿಲ್ಲ. ಕಾರು ಇಲ್ಲಿಗೆ ತಂದದ್ದು ನಿಮ್ಮ ಮಗಳಿಗೆ ಗೊತ್ತಿಲ್ಲ, ಹೇಳುವುದೂ ಬೇಡ ಎಂದಷ್ಟೇ ಸೇರಿಸಿದ.

ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಎಷ್ಟೇ ಅರ್ಜೆಂಟಿನ ಕೆಲಸವಿರಲಿ, ಉಜ್ಜುವ ಮುಂಚೆ ಕಪ್ಪು ಬಣ್ಣವನ್ನು ತೆಳ್ಳಗೆ, ಮಂಜಿನಂತೆ ಊದುತ್ತಿದ್ದ. ಆಮೇಲೆ ಮರದ ತುಂಡಿಗೆ ಎಮರಿ ಕಾಗದ ಸುತ್ತಿ ಉಜ್ಜಿದರೆ ಉಬ್ಬಿದ ಕಡೆಯ ಕಪ್ಪು ಹೋಗುತ್ತದೆ, ತಗ್ಗಿನ ಕಪ್ಪು ಉಳಿಯುತ್ತದೆ. ಎಲ್ಲಿ ನುಣುಪಿಲ್ಲ ಎಂಬುದನ್ನು ಕಣ್ಣಿಗಿಂತ ಆ ಕಪ್ಪು ಚೆನ್ನಾಗಿ ಹೇಳುತ್ತಿತ್ತು.

ಇಂದೂ ಹೇಳಿತು. ಉಜ್ಜುತ್ತಾ ಹೋದಂತೆ ಕಪ್ಪೆಲ್ಲ ಅಳಿದು, ಕೆಳ ಅಂಚಿನಲ್ಲಿ ಒಂದೇ ಒಂದು ಗುರುತು ಉಳಿಯಿತು. ಹೆಬ್ಬೆರಳಿನ ತುದಿಯಷ್ಟು ದೊಡ್ಡ ತಗ್ಗು. ಮೇಸ್ತ್ರಿಯ ಕೈ ಅಲ್ಲೇ ನಿಂತಿತು. ಮದುವೆಗೆ ಮುಂಚೆ ಮಗಳು ಕಾಲೇಜು ಮುಗಿಸಿಕೊಂಡು ಬಂದು ಇದೇ ಶೆಡ್ಡಿನಲ್ಲಿ ಪುಟ್ಟಿ ಹಚ್ಚುತ್ತಿದ್ದಳು. ಒಣಗಿತೋ ಇಲ್ಲವೋ ಎಂದು ಕೆಳ ಅಂಚಿನಲ್ಲಿ ಹೆಬ್ಬೆರಳು ಒತ್ತಿ ನೋಡುವುದು ಅವಳ ಚಾಳಿ. ಬೈದು ಬೈದು ಅವನಿಗೆ ಬಾಯಿ ನೋವು ಬಂದಿತ್ತೇ ಹೊರತು ಅವಳು ಬಿಟ್ಟಿರಲಿಲ್ಲ.

ಬಿಳಿ ಬಣ್ಣ ಪೂರ್ತಿ ಹೋಗುವ ತನಕ ಉಜ್ಜಿದ. ಪುಟ್ಟಿಯ ಮೈಮೇಲೆ ಒರಟು ಕಾಗದದ ಹಳೆಯ ಗೀರುಗಳು ಕಂಡವು. ಉಜ್ಜುವ ವರಸೆಯೇನೋ ತಾನು ಕಲಿಸಿದ್ದೇ, ಆದರೆ ಗೀರುಗಳೆಲ್ಲ ಉಲ್ಟಾ ಓರೆಯಾಗಿದ್ದವು. ಮರದ ತುಂಡನ್ನು ಎಡಗೈಗೆ ಬದಲಾಯಿಸಿ ಒಮ್ಮೆ ಎಳೆದ. ಹೊಸ ಗೀರು ಹಳೆಯ ಗೀರಿನ ಮೇಲೆಯೇ ಹೋಗಿ ಕೂತಿತು.

ಮಗಳು ಎಡಚಿಯಲ್ಲ. ಆದರೆ ಮೂರು ತಿಂಗಳ ಹಿಂದೆ, ಸ್ಕೂಟರಿನಿಂದ ನಾನೇ ಜಾರಿ ಬಿದ್ದೆ ಅಪ್ಪ ಎಂದು ಹೇಳಿದ್ದಾಗ, ಅವಳ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಸ್ಕೂಟರನ್ನು ಕಳಿಸಿಕೊಡಿ, ಸರಿ ಮಾಡುತ್ತೇನೆ ಎಂದದ್ದಕ್ಕೆ, ಆಗಲೇ ಗುಜರಿಗೆ ಹಾಕಿಯಾಯಿತು ಎಂದಿದ್ದ ಅಳಿಯ.

"ಸಾಕು ಮಾವ. ಕೆದಕಬೇಡಿ ಅಂದ್ನಲ್ಲ." ಅಳಿಯ ಈಗ ಎದ್ದು ನಿಂತಿದ್ದ.

"ಬುಡ ನೋಡದೆ ಮೇಲೆ ನುಣುಪು ಮಾಡಿದ್ರೆ ನಾಕು ದಿನಕ್ಕೆ ಮತ್ತೆ ಬಿಟ್ಕೊಳ್ಳತ್ತೆ, ಅಳಿಯಂದ್ರೇ," ಎನ್ನುತ್ತಾ ಮೇಸ್ತ್ರಿ ತಗಡಿನ ಚೂಪು ಪಟ್ಟಿಯನ್ನು ಅಂಚಿಗೆ ಕೊಟ್ಟು ಮೀಟಿದ.

ಹಳೆಯ ಬಣ್ಣ ಕೆರೆಯದೆ ಅದರ ಮೇಲೆಯೇ ಹಚ್ಚಿದ್ದ ಪುಟ್ಟಿ ಹಕ್ಕಳೆಯಂತೆ ಎದ್ದು ಬಂತು. ಹಚ್ಚಿದವಳಿಗೆ ಕೆರೆಯಬೇಕೆಂದು ಗೊತ್ತಿರಲಿಲ್ಲವೆಂದಲ್ಲ. ಒಂದೇ ಕೈ, ಅದೂ ಎಡಗೈ. ಕೆಳಗೆ, ತಗ್ಗಿನ ತಳದಲ್ಲಿ, ಉದ್ದಕ್ಕೆ ಒಂದು ನೀಲಿ ಗೀರು. ಮಗಳ ಸ್ಕೂಟರಿಗೆಂದು ಮೂರು ಡಬ್ಬಿಗಳ ತಳ ಬಳಿದು ಮೇಸ್ತ್ರಿಯೇ ಬೆರೆಸಿದ ನೀಲಿ. ಆಮೇಲೆ ಎಷ್ಟು ಸಲ ಪ್ರಯತ್ನಪಟ್ಟರೂ ಅಂಥ ನೀಲಿ ಅವನಿಗೇ ಬಂದಿರಲಿಲ್ಲ.

ಕಾರು ಸ್ಕೂಟರಿಗೆ ಗೊತ್ತಿಲ್ಲದೆ ತಾಗಿದ್ದರೆ ಗೊತ್ತಿಲ್ಲದೆ ತಾಗಿತು ಎನ್ನಬಹುದಿತ್ತು. ಅದಕ್ಕೆ ಯಾರೂ ಯಾರನ್ನೂ ನುಂಗಿಹಾಕುತ್ತಿರಲಿಲ್ಲ. ಮುರಿದ ಕೈಯವಳು ಮೂಲೆಯಲ್ಲಿ ಕೂತು ಇದನ್ನು ಮುಚ್ಚುವಷ್ಟು ಯಾರಿಗೆ ಹೆದರಿದ್ದಳು? ಮೇಸ್ತ್ರಿ ಕೈ ಒರೆಸಿಕೊಂಡ.

"ಗೇಟಿನ ಕಂಬ ಯಾವ ಬಣ್ಣದ್ದು?"

ಅಳಿಯ ಜೇಬಿನಿಂದ ಕರವಸ್ತ್ರ ತೆಗೆದ.

ಮೇಸ್ತ್ರಿ ಕಿತ್ತುಬಂದ ಪುಟ್ಟಿಯ ತುಂಡನ್ನು ಜೇಬಿಗೆ ಹಾಕಿಕೊಂಡು, ಹೆಬ್ಬೆರಳ ಗುರುತಿರುವ ಭಾಗ ಮುರಿಯದಂತೆ ಮೇಲೆ ಕೈಯಿಟ್ಟುಕೊಂಡ. ಇನ್ನೊಂದು ಕೈಯಿಂದ ಕಾರಿನ ಕೀಲಿ ತೆಗೆದುಕೊಂಡ.

"ನೀವು ಇಲ್ಲೇ ಕೂತಿರಿ. ನಾನು ಹೋಗಿ ಅವಳನ್ನ ಕರ್ಕೊಂಡು ಬರ್ತೀನಿ," ಎಂದ. "ಎಡಗೈಲಿ ಮುಚ್ಚಿದಾಳೆ. ಬಲಗೈ ಈಗ ವಾಸಿಯಾಗಿದ್ಯಲ್ಲ, ಬಂದು ಅವಳೇ ಬಿಚ್ಚಲಿ."