ಉತ್ತಮ ಪುರುಷ

“ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಔಷಧಿ ತರೋಕೆ ಹೋದೆ,” ಎಂದಳು ಕಟಕಟೆಯಲ್ಲಿ ನಿಂತ ತಾಯಿ, ತನ್ನ ಭಾಷೆಯಲ್ಲಿ. ಅದನ್ನು ನ್ಯಾಯಾಲಯದ ಭಾಷೆಗೆ ತರಬೇಕಾದ ದುಭಾಷಿ ‘ನಾನು’ ಎನ್ನಲು ಬಾಯಿ ತೆರೆದಳು. ತುಟಿ ಆಡಿತು, ದನಿ ಹೊರಡಲಿಲ್ಲ. ನೀರು ಕುಡಿದು ಮತ್ತೆ ಯತ್ನಿಸಿದಳು. ಬರೀ ಗಾಳಿ. ಮೇಲಂತಸ್ತು ಕುಸಿದು ಮಗು ಸತ್ತ ಮೊಕದ್ದಮೆ ಅದು. ಕಟ್ಟಿದ ಗುತ್ತಿಗೆದಾರ ಆರೋಪಿ. ಆ ಭಾಷೆ ಬಲ್ಲವಳು ಊರಿಗೆಲ್ಲ ಇವಳೊಬ್ಬಳೇ, ಅದೂ ಅಜ್ಜಿಯ ಬಾಯಿಂದ ಕಲಿತದ್ದು. ನ್ಯಾಯಾಧೀಶರು ವಿಚಾರಣೆ ಮುಂದೂಡಿದರು. ಆರೋಪಿಯ ವಕೀಲ ಕಡತ ಕಟ್ಟುತ್ತ ಒಳಗೊಳಗೇ ನಕ್ಕ.

ಮನೆಯಲ್ಲಿ ಮೊದಲ ದಿನ ಗಂಡ “ಅಂತೂ ನನಗೂ ಮಾತಾಡೋಕೆ ಒಂದು ಅವಕಾಶ ಸಿಕ್ತು” ಎಂದು ತಮಾಷೆ ಮಾಡಿದ. ವಾರ ಕಳೆಯುವಷ್ಟರಲ್ಲಿ ಅವನ ನಗೆಯೂ ಬತ್ತಿತು. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, “ಗಂಟಲು ಗಟ್ಟಿಮುಟ್ಟಾಗಿದೆ. ಕೆಮ್ಮಿದ್ರೆ ಶಬ್ದ ಬರುತ್ತೆ, ಮಾತಾಡಿದ್ರೆ ಬರಲ್ಲ. ಇದು ನನ್ನ ಇಲಾಖೆ ಅಲ್ಲಮ್ಮ,” ಎಂದು ಮನೋಚಿಕಿತ್ಸಕಿಯ ಬಳಿಗೆ ಕಳಿಸಿದರು.

ಚಿಕಿತ್ಸಕಿ ನೆರೆತ ಕೂದಲಿನ ಗಟ್ಟಿ ಹೆಂಗಸು. ಕೋಣೆಯಲ್ಲಿ ಮೂರು ಕುರ್ಚಿ, ಒಂದು ಕಿಟಕಿ, ಇಷ್ಟೇ. ದುಭಾಷಿಯ ಕಣ್ಣು ಅತ್ತಿತ್ತ ಅಲೆದದ್ದು ನೋಡಿ, “ಮಂಚ ಹುಡುಕ್ತಿದ್ದೀರಾ?” ಎಂದು ಕೇಳಿದಳು. “ನೂರು ವರ್ಷದ ಹಿಂದೆ ಬಂದಿದ್ರೆ ಮಲಗಿಸಿ, ನಿಮ್ಮ ತಲೆ ಹಿಂದೆ ಕೂತು, ಬಾಲ್ಯ ಕೆದಕ್ತಿದ್ರು. ವರ್ಷಗಟ್ಟಲೆ. ಆಮೇಲೆ ಬಂದವರು, ಬೇರು ಅಗೆಯೋದು ಬೇಡ, ನಡವಳಿಕೆ ತಿದ್ದಿದ್ರೆ ಸಾಕು ಅಂದ್ರು. ಮತ್ತೊಬ್ಬರು, ಅಲ್ಲ ಅಲ್ಲ, ಯೋಚನೆಯಲ್ಲೇ ಎಡವಟ್ಟಿರೋದು, ಅದನ್ನ ಹಿಡೀರಿ ಅಂದ್ರು. ಇನ್ನೊಬ್ಬರು, ನೀವೇನೂ ಮಾಡಬೇಡಿ, ಮನಸಿಟ್ಟು ಕೇಳಿಸ್ಕೊಳ್ಳಿ, ಮನುಷ್ಯ ತಾನೇ ದಾರಿ ಕಂಡ್ಕೋತಾನೆ ಅಂದ್ರು.”

“ನೀವು ಯಾವ ಪಂಗಡ?” ದುಭಾಷಿ ದನಿಯಿಲ್ಲದೆ ಬರೀ ಉಸಿರಲ್ಲೇ ಪಿಸುಗುಟ್ಟಿದಳು.

“ಚುಚ್ಚಿದ ಮುಳ್ಳು ಯಾವುದರಿಂದ ಹೊರಗೆ ಬರುತ್ತೋ ಅದರ ಪಂಗಡ. ಸೂಜಿಯಾದ್ರೆ ಸೂಜಿ, ಪಿನ್ನಾದ್ರೆ ಪಿನ್ನು.”

ಮೊದಲು ಕೆಮ್ಮಿಸಿದಳು. ಆ ಕೆಮ್ಮನ್ನೇ ಎಳೆದು ‘ಹ್ಞೂ’ ಮಾಡಿಸಿದಳು, ‘ಹ್ಞೂ’ ಅನ್ನು ‘ಮ್’ ಮಾಡಿಸಿದಳು. ದಿನ ಬಿಟ್ಟು ದಿನ ಅದೇ ಕಸರತ್ತು. ಬರಬರುತ್ತ ದುಭಾಷಿಯ ಬಾಯಲ್ಲಿ ಅಂಕಿಗಳು ಬಂದವು, ಬಣ್ಣಗಳ ಹೆಸರು ಬಂದವು, ಕಡೆಗೆ ಗಂಡನನ್ನು ಬೈಯುವ ಒಂದು ಇಡೀ ವಾಕ್ಯವೂ ಬಂತು. ‘ನಾನು’ ಎಂಬಲ್ಲಿಗೆ ಬಂದರೆ ಮಾತ್ರ ಗಂಟಲು ಕಟ್ಟುತ್ತಿತ್ತು.

ಚಿಕಿತ್ಸಕಿ ಪೆನ್ನು ಕೆಳಗಿಟ್ಟಳು. “ಕೋರ್ಟಲ್ಲಿ ‘ನಾನು’ ಅಂತಾನೇ ಹೇಳಬೇಕಾ? ‘ಆಕೆ ಹೀಗಂತಾಳೆ’ ಅನ್ನಬಾರದಾ?”

ದುಭಾಷಿ ಅನ್ನಬಾರದೆಂದು ತಲೆಯಾಡಿಸಿದಳು: “ನಿಯಮ. ಯಾವಾಗ್ಲೂ ಉತ್ತಮ ಪುರುಷ.”

“ಅಂದ್ರೆ ಇಷ್ಟು ವರ್ಷ ಎಷ್ಟು ಜನ ಆಗಿದ್ದೀರಿ ನೀವು?”

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಕದ್ದಿದ್ದಳು, ಏಟು ತಿಂದಿದ್ದಳು, ಅಣ್ಣನನ್ನು ಕೊಂದಿದ್ದಳು, ಕೊಂದಿಲ್ಲವೆಂದು ಆಣೆಯಿಟ್ಟಿದ್ದಳು. ಎಲ್ಲವನ್ನೂ ‘ನಾನು’ ಎಂದೇ ಹೇಳಿ, ಸಂಜೆ ಮನೆಗೆ ಹೋಗಿ ಮಗಳಿಗೆ ಲೆಕ್ಕ ಹೇಳಿಕೊಟ್ಟಿದ್ದಳು. ಆ ಮಗಳಿಗೂ ಎಳವೆಯಲ್ಲಿ ಜ್ವರ ಬಂದಾಗ ಒಬ್ಬಳನ್ನೇ ಮಲಗಿಸಿ, ಚಿಲಕ ಹಾಕಿ, ಔಷಧಿಗೆಂದು ಓಡಿದ್ದುಂಟು. ಇವಳ ಮನೆಯ ಗೋಡೆ ಬಿದ್ದಿರಲಿಲ್ಲ, ಅಷ್ಟೇ.

ಚಿಕಿತ್ಸಕಿ ಮೂರನೆಯ ಕುರ್ಚಿಯನ್ನು ಎದುರಿಗೆ ಎಳೆದಿಟ್ಟಳು. “ಆ ತಾಯಿ ಇಲ್ಲಿ ಕೂತಿದ್ದಾಳೆ ಅಂದ್ಕೊಳ್ಳಿ. ಅವಳ ಮಾತು ಹೇಳಬೇಡಿ. ಅವಳ ಜೊತೆ ಮಾತಾಡಿ.”

ಖಾಲಿ ಕುರ್ಚಿಯೊಡನೆ ಮಾತಾಡುವುದೇ? ದುಭಾಷಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಕುರ್ಚಿಯ ಕಡೆ ಮುಖ ತಿರುಗಿಸಿದಳು. ಚಿಕಿತ್ಸಕಿ ಕಿಟಕಿಯ ಕಡೆ ತಿರುಗಿ ಕೂತಳು.

“ನೀನು...” ಬಳಸದ ಬಾವಿಯ ಗಡಗಡೆಯಂತೆ ದುಭಾಷಿಯ ದನಿ ಕಿರುಗುಟ್ಟಿತು. “ನೀನು ಚಿಲಕ ಹಾಕಿದ್ದು ಮಗು ಮೆಟ್ಟಿಲಿಂದ ಬೀಳಬಾರದು ಅಂತ. ನಂಗೊತ್ತು. ನಾನೂ ಹಾಕಿದ್ದೆ.” ಉಸಿರು ಎಳೆದುಕೊಂಡಳು. “ಆದ್ರೆ ಹೋಗಿದ್ದು ನಿನ್ನ ಮಗು ಕಣೇ. ನನ್ನದು ಮನೇಲಿದೆ.”

ತನ್ನ ಬಾಯಿಂದ ಬಂದ ‘ನಾನು’ ಕಿವಿಗೆ ಬಿದ್ದೊಡನೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳುವಿಗೂ ಈಗ ಶಬ್ದವಿತ್ತು.

ವಿಚಾರಣೆ ಮತ್ತೆ ಶುರುವಾದಾಗ ಆರೋಪಿಯ ವಕೀಲ ನೇರವಾಗಿ ಅಲ್ಲಿಗೇ ಕೈ ಹಾಕಿದ. “ಬಾಗಿಲು ಹಾಕಿದ್ದು ನೀವೇ ಅಲ್ಲವೇ? ಬಾಗಿಲು ತೆರೆದಿದ್ದರೆ ಮಗು ಓಡಿ ಬರುತ್ತಿತ್ತು, ಅಲ್ಲವೇ?”

ದುಭಾಷಿ ಪ್ರಶ್ನೆಯನ್ನು ದಾಟಿಸಿದಳು. ತಾಯಿ ಉತ್ತರಿಸಿದಳು. ದುಭಾಷಿಯ ದನಿ ನಡುಗಲಿಲ್ಲ. “ಚಿಲಕ ಹಾಕಿದ್ದು ನಾನೇ. ಗೋಡೆ ಕಟ್ಟಿದ್ದು ನಾನಲ್ಲ.”

ವಕೀಲ ಕೂತುಬಿಟ್ಟ. ಬೆರಳಚ್ಚುಗಾರ್ತಿಯ ಕೈ ಒಂದು ಗಳಿಗೆ ನಿಂತು ಮುಂದುವರಿಯಿತು.

“ಇನ್ನೇನಾದರೂ ಹೇಳುವುದಿದೆಯೇ?” ನ್ಯಾಯಾಧೀಶರು ಕೇಳಿದರು.

ತಾಯಿ ಅವರ ಕಡೆ ನೋಡಲಿಲ್ಲ. ದುಭಾಷಿಯ ಮುಖವನ್ನೇ ನೋಡುತ್ತ ಮೆಲ್ಲಗೆ ಏನೋ ಹೇಳಿದಳು. ದುಭಾಷಿ ತಡವರಿಸಿದಳು. ಸಾಕ್ಷಿ ಆಡಿದ್ದನ್ನು ಬಿಡುವಂತಿಲ್ಲ, ಸೇರಿಸುವಂತಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕೋರ್ಟಿನ ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದಳು:

“ನನ್ನ ಮಾತು ಮುಗಿಯಿತು, ಸ್ವಾಮಿ. ನನ್ನ ಸಂಕಟ ಹೊತ್ತು ಈ ಹೆಂಗಸು ಬಳಲಿದ್ದಾಳೆ. ಇವಳನ್ನು ಮನೆಗೆ ಕಳಿಸಿಕೊಡಿ.”