ಐದನೆಯ ಬಿಲ್ಲೆ

ಕಲ್ಮೇಶ ಕಡ್ಡಿ ಗೀರುವಷ್ಟರಲ್ಲಿ ಮಾವ ಚನಮಲ್ಲಪ್ಪ ಅವನ ಕೈ ಹಿಡಿದ. "ತಡೀರಿ. ಒಂದು ಬಿಲ್ಲಿ ಬಂದಿಲ್ಲ."

ಬೇವಿನ ಮರದಲ್ಲಿ ಐದು ಮೊಳೆಗಳಿದ್ದವು, ತಾಮ್ರದ ಬಿಲ್ಲೆಗಳು ನಾಲ್ಕೇ. ಹುನ್ನೂರಿನ ಈ ಹೊಲದಲ್ಲಿ ಅಳಿಯ ಮೂರನೆಯ ಬಾವಿ ತೋಡಿಸಲು ಶುರುಮಾಡಿದ ದಿನವೇ ಮುದುಕ ಆ ಮೊಳೆಗಳನ್ನು ಹೊಡೆದಿದ್ದ. ಮೊದಲೆರಡು ಬಾವಿಗಳಲ್ಲಿ ಸಿಕ್ಕಿದ್ದು ಬರೀ ಸವುಳು ನೀರು. ಮೂವತ್ತು ವರ್ಷ ತಾಮ್ರದ ಗಣಿಯಲ್ಲಿ ದುಡಿದ ಚನಮಲ್ಲಪ್ಪ, ಗಣಿ ಮುಚ್ಚಿದಾಗ ಅಲ್ಲಿಂದ ತಂದದ್ದು ಈ ಐದು ಬಿಲ್ಲೆಗಳನ್ನಷ್ಟೇ. ಕೆಳಗಿಳಿಯುವವನು ಒಂದನ್ನು ಕೊರಳಿಗೆ ಹಾಕಿಕೊಳ್ಳಬೇಕು, ಮೇಲೆ ಬಂದವನು ಅದನ್ನು ಮೊಳೆಗೆ ತೂಗುಹಾಕಬೇಕು. ಎಲ್ಲ ಮೊಳೆ ತುಂಬದೆ ಗಣಿಯಲ್ಲಿ ಯಾರೂ ಬಂಡೆ ಸಿಡಿಸುವ ಮದ್ದಿನ ಬತ್ತಿಗೆ ಬೆಂಕಿ ತಾಗಿಸುತ್ತಿರಲಿಲ್ಲ. ಈ ಬಾವಿಗೂ ಮುದುಕನದು ಅದೇ ನಿಯಮ.

"ಐದೂ ಮಂದಿ ನಿಮ್ಮ ಮುಂದ ನಿಂತೇವಲ್ರೀ ಮಾವಾರ," ಎಂದ ಕಲ್ಮೇಶ. "ಬೆವರು ಒರಸೂ ಮುಂದ ನಂದು ತಗದು ಕೆಳಗ ಇಟ್ಟು ಮರತು ಬಂದೇನಿ."

"ಮಂದೀನ ಎಣಿಸಿದ್ರ ತಪ್ಪತೈತಿ, ಬಿಲ್ಲಿ ತಪ್ಪಂಗಿಲ್ಲ. ಹೋಗಿ ತರ್ರಿ."

ಆಳುಗಳು ಮುಸಿಮುಸಿ ನಕ್ಕರು. ಕಲ್ಮೇಶ ಗೊಣಗುತ್ತ ಇಳಿದ. ಬಹಳ ಹೊತ್ತು ಕೆಳಗಿನಿಂದ ಸದ್ದೇ ಇಲ್ಲ. ಕಡೆಗೆ ಏರಿ ಬಂದವನು ಬಿಲ್ಲೆಯನ್ನು ಮಾವನ ಅಂಗೈಯಲ್ಲಿಟ್ಟ. ಅದು ತಣ್ಣಗಿತ್ತು, ತೊಟ್ಟಿಕ್ಕುತ್ತಿತ್ತು.

"ಒಣಾ ಕಲ್ಲಿನ ಮ್ಯಾಲ ಇಟ್ಟಿದ್ದೆ ಮಾವಾರ. ಈಗ ಅದರ ಮ್ಯಾಲ ಗೇಣು ನೀರೈತಿ. ಸೆಲಿ ಒಡದೈತಿ."

ಚನಮಲ್ಲಪ್ಪ ಬಿಲ್ಲೆಯಿಂದ ಇಳಿಯುತ್ತಿದ್ದ ಹನಿಯನ್ನು ನಾಲಿಗೆಯ ಮೇಲೆ ಬೀಳಿಸಿಕೊಂಡ, ಕಣ್ಣು ಮುಚ್ಚಿದ. ಆಮೇಲೆ ಅದನ್ನು ಐದನೆಯ ಮೊಳೆಗೆ ತೂಗುಹಾಕಿ, ಅಳಿಯನ ಕೈಯಿಂದ ಕಡ್ಡಿಪೆಟ್ಟಿಗೆ ಇಸಿದುಕೊಂಡು ತನ್ನ ಕಿಸೆಗೆ ಹಾಕಿಕೊಂಡ.

"ಸೀ ನೀರು," ಎಂದ.