ಎತ್ತಿ ಕುಡಿದ ಗುಟುಕು

ಮದುವೆಗೆ ಬರುತ್ತೇನೆ ಎಂದು ಹೇಳಿಯಾಗಿತ್ತು. ಆದರೆ ಬರುವುದೆಂದರೆ ಎಷ್ಟು ಹೊತ್ತು? ಮುಯ್ಯಿ ಕೊಟ್ಟು ಬಂದರೆ ಸಾಕೋ, ಪಂಕ್ತಿಯಲ್ಲೂ ಕೂರಬೇಕೋ? ಕೂತರೆ ಮನೆಯಲ್ಲಿ ಅಮ್ಮನಿಗೆ ಏನು ಹೇಳುವುದು? ಮಲ್ಲೇಶ್ವರದ ಅಯ್ಯಂಗಾರರ ಮನೆಯ ರಾಮಾನುಜ ಹೀಗೆ ಯೋಚಿಸುತ್ತಲೇ ಮಹಾನಂದನ ಹಿಂದೆ ಇನ್ನೊಂದು ಬಾರಿನ ಮೆಟ್ಟಿಲು ಹತ್ತಿದ.

ಆಫೀಸಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮೇಜು. ಮುಂದಿನ ವಾರ ಮಹಾನಂದನ ಮದುವೆ. ಇದು ಅದರ ಪಾರ್ಟಿ. ಮಹಾನಂದನ ತಂದೆ ಬೌದ್ಧರಾಗಿ ಹಳೆಯ ಜಾತಿಯನ್ನು ಬಿಟ್ಟಿದ್ದರು. ಜಾತಿ ಅವರನ್ನು ಬಿಟ್ಟಿರಲಿಲ್ಲ.

"ಪಬ್ ಸಿಟಿ ಪಬ್ ಸಿಟಿ ಅಂತ ಪೇಪರ್ ತುಂಬಾ ಬರೀತಾರೆ. ನೆಟ್ಟಗೆ ಒಂದು ಕಾಕ್‌ಟೇಲ್ ಮಾಡೋಕೆ ಬರಲ್ವಲ್ಲ ಗುರು ಈ ಊರಿಗೆ!" ಎಂದು ಮಹಾನಂದ ಗೊಣಗಿದ. ಟ್ರೈನಿಂಗಿಗೆಂದು ಬೊಂಬಾಯಿಗೆ ಹೋದಾಗ ಕುಡಿದಿದ್ದ ಒಂದು ಗ್ಲಾಸಿನ ರುಚಿ ಅವನ ನಾಲಗೆ ಬಿಟ್ಟಿರಲಿಲ್ಲ. ಶೇಷಾದ್ರಿಪುರದ ಬಾರಿನಲ್ಲಿ ರಮ್ಮಿಗೆ ಕಿತ್ತಳೆ ಸೋಡಾ ಸುರಿದು ತಂದಿದ್ದರು. ಮೆಜೆಸ್ಟಿಕ್ಕಿನಲ್ಲಿ ವಿಸ್ಕಿಗೆ ಬ್ರಾಂದಿ ಬೆರೆಸಿ, "ಎರಡು ಸೇರಿದ್ರೆ ಕಾಕ್‌ಟೇಲೇ ಅಲ್ವಾ ಸಾರ್?" ಎಂದು ಸಪ್ಲೈಯರ್ ಇವರನ್ನೇ ಕೇಳಿದ್ದ.

ಚಾಮರಾಜಪೇಟೆಯ ಈ ಬಾರಿನಲ್ಲಿ ಜಿನ್ನು, ನಿಂಬೆರಸ, ಸಕ್ಕರೆ, ಐಸು ಹಾಕಿ ಕುಲುಕಿ ತಂದಿಟ್ಟರು. ರಾಮಾನುಜ ತನಗೆ ಬೀರೇ ಸಾಕೆಂದ.

ಮಹಾನಂದ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ಇದು ಕಣೋ! ಇದೇ!" ಎಂದು ಗ್ಲಾಸು ಚಾಚಿದ. "ತಗೋ, ಒಂದು ಗುಟುಕು ನೋಡು."

ರಾಮಾನುಜ ತಲೆ ಹಿಂದಕ್ಕೆ ಬಾಗಿಸಿ, ಗ್ಲಾಸು ತುಟಿಗೆ ತಾಗದಂತೆ ಮೇಲೆತ್ತಿ ಬಾಯಿಗೆ ಸುರಿದುಕೊಂಡ. ಐಸು ಜಾರಿ ಮೂಗಿಗೆ ಬಡಿದು ಅಂಗಿಯೊಳಗೆ ಇಳಿಯಿತು.

ಮಹಾನಂದ ಬಿದ್ದು ಬಿದ್ದು ನಕ್ಕ. "ಇದೇನು ಸ್ವಾಮಿ, ತೀರ್ಥಾನಾ?"

"ಅಭ್ಯಾಸ ಕಣೋ. ಮನೇಲಿ ಕಾಫೀನೂ ಹಿಂಗೇ. ಎಂಜಲು ಮಾಡಬಾರದು ಅಂತ."

"ಹೌದಾ? ದಿನಾ ಮಧ್ಯಾಹ್ನ ಆಫೀಸಲ್ಲಿ ನಿಮ್ಮ ಜಾತಿಯೋರೇ ಶೀನಣ್ಣ ಅರ್ಧ ಸೇದಿ ಕೊಟ್ಟ ಸಿಗರೇಟು ಸೇದ್ತೀಯಲ್ಲ." ಮಹಾನಂದನ ಮುಖದಲ್ಲಿ ನಗು ಇನ್ನೂ ಇತ್ತು. "ಅದನ್ನೂ ಎತ್ತೇ ಸೇದ್ತೀಯಾ?"

ರಾಮಾನುಜ ಕರವಸ್ತ್ರ ತೆಗೆದು, ಒದ್ದೆಯಿಲ್ಲದ ಕಡೆಯೂ ಮುಖ ಒರೆಸಿಕೊಂಡ. ಗ್ಲಾಸು ಹಿಡಿದ ಕೈ ತನಗೇ ತಿಳಿಯದಂತೆ ಮೇಲೆದ್ದಿತ್ತು. ಅದು ನಿಜ. ನಿಜವಾದ್ದರಿಂದಲೇ ಅದನ್ನು ಹೇಳುವಂತಿರಲಿಲ್ಲ.

ಮಹಾನಂದ ಗ್ಲಾಸನ್ನು ತನ್ನ ಕಡೆಗೆ ಎಳೆದುಕೊಂಡ. ಕುಡಿಯಲಿಲ್ಲ.

"ಮದುವೇಲಿ ಊಟಕ್ಕೆ ಕೂರ್ತೀಯಾ, ಇಲ್ಲಾ ಮುಯ್ಯಿ ಕೊಟ್ಟು ಓಡ್ತೀಯಾ? ಈಗ್ಲೇ ಹೇಳ್ಬಿಡು ರಾಮು. ನಿನ್ನ ಎಲೆಗೆ ತಾನೇ ಬಡಿಸ್ತೀನಿ ಅಂತ ನಮ್ಮಮ್ಮ ಕಂಡೋರಿಗೆಲ್ಲ ಹೇಳ್ಕೊಂಡು ಬರ್ತಿದಾಳೆ."

ಪಕ್ಕದ ಮೇಜಿನಲ್ಲಿ ಯಾರೋ ಕಡಲೆಬೀಜ ಕೂಗಿ ಕೇಳಿದರು. ಮಹಾನಂದ ಕಾದ. ಗ್ಲಾಸಿನಲ್ಲಿದ್ದ ಐಸು ಕರಗಿ, ಊರೆಲ್ಲ ಹುಡುಕಿ ಸಿಕ್ಕಿದ ಕಾಕ್‌ಟೇಲ್ ನೀರಾಗುವಷ್ಟು ಹೊತ್ತು ಕಾದ.

"ಇನ್ನೊಂದು ಹೇಳೋಣ್ವಾ?" ಎಂದ ರಾಮಾನುಜ.

ಊಟಕ್ಕೆ ಕೂರುತ್ತೇನೆ ಎಂದು ಹೇಳಲಿಲ್ಲ.